ಎತ್ತುವ ಕೈ

ಅಜ್ಜಿ ಮಂಚದ ಅಂಚಿನಲ್ಲಿ ಕೂತು ಎಂದಿನಂತೆ ಎರಡೂ ತೋಳು ಚಾಚಿದಳು. ಅವಳನ್ನು ನೋಡಿಕೊಳ್ಳುವ ಆಳು ಮೂಟೆಯೂ ಎಂದಿನಂತೆ ಬಗ್ಗಿ, ಒಂದು ಕೈಯನ್ನು ಅವಳ ಬೆನ್ನಿಗೂ ಇನ್ನೊಂದನ್ನು ಮೊಣಕಾಲಿನ ಕೆಳಗೂ ಕೊಟ್ಟ. ಇನ್ನೇನು ಎತ್ತಬೇಕು, ಬಾಗಿಲಿನಿಂದ ದನಿ ಬಂತು.

"ಕೈ ತೆಗಿ."

ಆರೈಕೆ ಮನೆಯ ಮೇಲ್ವಿಚಾರಕಿ ನಿಂತಿದ್ದಳು. ಅಲ್ಲಿ ಎಲ್ಲರಿಗೂ ಆಕೆ ದೊಡ್ಡಕ್ಕ. "ಅವರೇ ಏಳಲಿ. ಅಜ್ಜಿ, ಗೋಡೆ ಕಂಬಿ ಹಿಡ್ಕೊಂಡು ಏಳಿ ನೋಡೋಣ."

ಅಜ್ಜಿ ಕಂಬಿ ಹಿಡಿದಳು. ತೊಡೆ ಗಡಗಡ ನಡುಗಿತು. ಹಾಸಿಗೆ ಬಿಟ್ಟು ನಾಲ್ಕು ಬೆರಳು ಮೇಲೆದ್ದ ಸೊಂಟ ಧೊಪ್ಪನೆ ಮತ್ತೆ ಕೂತುಬಿಟ್ಟಿತು.

"ಬಂದಾಗ ಏಳ್ತಿದ್ರು," ಎಂದಳು ದೊಡ್ಡಕ್ಕ. "ನರಳ್ಕೊಂಡು, ಬೈಕೊಂಡು, ಹೆಂಗೋ ಏಳ್ತಿದ್ರು. ನೀನು ಬಂದ್ಮೇಲೆ ಅದೂ ಹೋಯ್ತು."

ಮೂಟೆ ಎಂಬುದು ಹಳೆಯ ಕಸುಬು ಅಂಟಿಸಿದ ಹೆಸರು. ದವಸದ ಗೋದಾಮಿನಲ್ಲಿ ಚೀಲ ಹೊತ್ತು ಬದುಕಿದವನು ಅವನು. ಅಲ್ಲಿಗೆ ಚೀಲ ಎತ್ತುವ ಯಂತ್ರ ಬಂದ ಮೇಲೆ ಈ ಕೆಲಸ ಕಲಿಯಲು ಸೇರಿಕೊಂಡಿದ್ದ. ತರಬೇತಿಯಲ್ಲಿ ಹೇಳಿಕೊಟ್ಟಿದ್ದರು: ಪಕ್ಕದಲ್ಲಿ ನಿಲ್ಲು, ಏನು ಮಾಡಬೇಕೆಂದು ಹೇಳು, ಕಾಯು. ಕಾಯುವುದೆಲ್ಲ ತೋಳಲ್ಲಿ ಕಸುವಿಲ್ಲದವರ ಪಾಠ ಎಂದು ಅವನು ಒಳಗೊಳಗೇ ನಕ್ಕಿದ್ದ. ಇಲ್ಲಿಗೆ ಬಂದ ಮೇಲಂತೂ ಎಲ್ಲ ಮಂಚಗಳಿಂದಲೂ ಅವನಿಗೇ ಕರೆ. ಬೇರೆಯವರು ಒಬ್ಬರನ್ನು ಕುರ್ಚಿಗೆ ದಾಟಿಸುವಷ್ಟರಲ್ಲಿ ಅವನು ಅರ್ಧ ಸಾಲನ್ನೇ ಕಿಟಕಿಯ ಬಳಿ ಕೂರಿಸಿ ಚಹಾ ಕೊಟ್ಟಾಗಿರುತ್ತಿತ್ತು.

"ಒಳ್ಳೇದಕ್ಕೇ ಅಲ್ವಾ ಅಕ್ಕಾ ಎತ್ತಿದ್ದು? ಪಾಪ, ನೋವು ಅಂತಿದ್ರು..."

"ಒಳ್ಳೇದಕ್ಕೇ, ಯಾರು ಇಲ್ಲ ಅಂದ್ರು? ಇವರ ಮಗಳು ಬೆಳಿಗ್ಗೆ ಕೆಲಸಕ್ಕೆ ಹೋದ್ರೆ ಬರೋದು ಸಂಜೆಗೆ. ಅಮ್ಮ ತಾನೇ ಎದ್ದು ಬಚ್ಚಲಿಗೆ ಹೋಗೋ ಹಾಗಾದ್ರೆ ಕರ್ಕೊಂಡು ಹೋಗ್ತೀನಿ ಅಂದಿದ್ದಾಳೆ. ಅಲ್ಲಿ ಎತ್ತಕ್ಕೆ ನೀನು ಹೋಗ್ತೀಯಾ?"

ಮೂಟೆ ಮುದುಡಿದ್ದ ಹಾಸಿಗೆ ಹೊದಿಕೆಯನ್ನು ಎಳೆದು ಸರಿಮಾಡಿದ.

"ನಿನ್ನ ಕೆಲಸ ಕಾಯಂ ಮಾಡಿಸೋಣ ಅಂತಿದ್ದೆ. ಈಗ ಬೇಡ. ಇವರು ಎದ್ದು ನಿಲ್ಲಲಿ, ಆಮೇಲೆ ಆ ಮಾತು."

ಅಜ್ಜಿಗೆ ಕಾಯಂ ಗೀಯಂ ಒಂದೂ ಕಿವಿಗೆ ಬಿದ್ದಿರಲಿಲ್ಲ. "ಅಂದ್ರೆ ನಾನು ಮಗಳ ಮನೆಗೆ ಹೋಗೋದಿಲ್ವಾ?" ಎಂದಳು, ಯಾರ ಮುಖವನ್ನೂ ನೋಡದೆ.

ಮಾರನೆಯ ದಿನದಿಂದ ಮೂಟೆ ಮಂಚಕ್ಕೆ ಒತ್ತಿಕೊಂಡು ಸುಮ್ಮನೆ ನಿಲ್ಲತೊಡಗಿದ. ಹೊರುವುದು ಇದರ ಮುಂದೆ ಏನೂ ಅಲ್ಲ. ಅಜ್ಜಿ 'ಅಯ್ಯಮ್ಮಾ' ಎಂದಾಕ್ಷಣ ಕೈ ತನ್ನಷ್ಟಕ್ಕೆ ತಾನೇ ಮುಂದೆ ಹೋಗುತ್ತಿತ್ತು. ಎಲ್ಲಿಡಬೇಕೋ ತಿಳಿಯದೆ ಅಂಗೈಗಳನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡ.

"ಎತ್ತೋ ಸೋಮಾರಿ! ತಿಂದಿದ್ದೆಲ್ಲ ಎಲ್ಲಿ ಹೋಯ್ತು?"

"ಹೊಟ್ಟೇಲೇ ಇದೆ ಅಜ್ಜಿ. ನೀವು ಏಳಿ."

"ಚೆನ್ನಾಗಿದೆ ಕಣೋ! ಸಂಬಳ ತಗೊಳ್ಳೋನು ನೀನು, ಏಳೋಳು ನಾನಾ?"

"ಬಿಡೇ, ಅವನಿಗೂ ವಯಸ್ಸಾಯ್ತು," ಎಂದು ಪಕ್ಕದ ಮಂಚದ ಮುದುಕಿ ಕಿಸಕ್ಕನೆ ನಕ್ಕಳು.

ಹೀಗಿರುವಾಗ ಒಂದು ಬೆಳಿಗ್ಗೆ ಅವನಿಗೆ ಗೋದಾಮಿನ ಮುದಿ ಹಮಾಲಿ ನೆನಪಾದ. ಚೀಲ ಹೊರುವ ಕಾಲ ಮುಗಿದಿದ್ದ ಆ ಮುದುಕ ಪಕ್ಕದಲ್ಲಿ ನಿಂತು ಹೈಸಾ ಎಂದು ಕೂಗು ಹಾಕುತ್ತಿದ್ದ, ಅಷ್ಟೇ. ಬಿಟ್ಟಿ ಕೂಲಿ ತಿನ್ನೋನು ಎಂದು ಚೀಲ ಹೊರುವವರೆಲ್ಲ ಆಡಿಕೊಳ್ಳುತ್ತಿದ್ದರು. ಅವನು ಬಾರದ ದಿನ ಮಾತ್ರ ಅವೇ ಚೀಲಗಳು ಯಾಕೋ ಮೇಲೇಳುತ್ತಿರಲಿಲ್ಲ.

"ಅಜ್ಜಿ, ನಾನು ಕೂಗು ಹಾಕ್ತೀನಿ, ಅದರ ಜೊತೆಗೇ ಏಳಿ. ಪಾದ ಹಿಂದಕ್ಕೆ, ಮೂಗು ಮುಂದಕ್ಕೆ. ಹಾಂ... ಹೈಸಾ!"

ಅಜ್ಜಿ ಬೆಚ್ಚಿಬಿದ್ದಳು. "ನಾನೇನು ಲಾರೀನಾ, ನೂಕಿ ಸ್ಟಾರ್ಟ್ ಮಾಡಕ್ಕೆ?" ಎಂದು ಬೈದಳು. ಬೈಯುತ್ತಲೇ ಒಂದು ಗೇಣು ಎದ್ದಳು. ಬರಬರುತ್ತ ಪಕ್ಕದ ಮಂಚದವಳೂ ಕೂಗಿಗೆ ದನಿಗೂಡಿಸಿದಳು. ಕೆಲವು ದಿನ ಆ ಗೇಣೂ ಆಗುತ್ತಿರಲಿಲ್ಲ. ಮಗಳು ಒಂದು ಭಾನುವಾರ ಬಂದು ನೋಡಿದಳು. ತಾಯಿಯ ತಲೆ ಬಾಚಿದಳು. ಮನೆಯ ಮಾತೆತ್ತದೆ ಹೋದಳು. ಆವತ್ತು ಅಜ್ಜಿ ಮೂಟೆಯನ್ನು ಬೈಯಲೂ ಇಲ್ಲ.

ಮರುದಿನ ಬೆಳಿಗ್ಗೆ ಅವನು ಬರುವ ಮೊದಲೇ ಕಂಬಿ ಹಿಡಿದು ಕೂತಿದ್ದಳು. "ಕೂಗು," ಎಂದಳು.

ಕೂಗಿದ. ಸೊಂಟ ಹಾಸಿಗೆ ಬಿಟ್ಟಿತು. ಇನ್ನೊಮ್ಮೆ ಕೂಗಿದ. ಕಂಬಿಯ ಮೇಲೆ ಬೆರಳುಗಳು ಬಿಳಿಚಿಕೊಂಡವು, ಮೊಣಕಾಲು ಅದುರುತ್ತ ಅದುರುತ್ತ ನೆಟ್ಟಗಾಯಿತು, ಬಾಗಿದ್ದ ಬೆನ್ನು ನಿಧಾನವಾಗಿ ಅದನ್ನು ಹಿಂಬಾಲಿಸಿತು. ಮೂಟೆಯ ಕೈ ಕಂಕುಳಲ್ಲೇ ಇತ್ತು. ಇಷ್ಟು ದಿನ ಹೊತ್ತವನು ಅವಳು ನಿಂತದ್ದನ್ನು ಒಮ್ಮೆಯೂ ಕಂಡಿರಲಿಲ್ಲ. ಈಗ ಅವಳ ಮುಖ ಕಾಣಲು ತಲೆಯೆತ್ತಿ ನೋಡಬೇಕಾಯಿತು.

ಅಜ್ಜಿ ಉಸಿರು ಸರಿಮಾಡಿಕೊಂಡು, ಅವನನ್ನು ಮೇಲಿನಿಂದ ಕೆಳಗೆ ಒಮ್ಮೆ ನೋಡಿದಳು.

"ಇಷ್ಟೇ ಉದ್ದ ಏನೋ ನೀನು?"