ಮೂರು ತಲೆಗಳ ತೀರ್ಪು

ಡೀನ್ ನಿಕೊಲಾಯ್ ಮತ್ತೆ ತಲೆಯನ್ನು ಮೇಲೆ ಕೆಳಗೆ ಆಡಿಸಿದರು. ಬಲ್ಗೇರಿಯದಲ್ಲಿ ಅದಕ್ಕೆ ಒಂದೇ ಅರ್ಥ: ಬೇಡ.

ಪಾಠ ಮಾಡುತ್ತಿದ್ದ ಝಿವ್ಕಾ ಕಂಗಾಲಾದಳು. ನೂರು ಮೀಟರ್ ಓಟದಲ್ಲಿ ದೇಶದ ಚಾಂಪಿಯನ್ ಆಗಿದ್ದವಳು. ಮಂಡಿ ಕೈಕೊಟ್ಟ ಮೇಲೆ ಹಟ ಹಿಡಿದು ಓದಿ ಕ್ರೀಡಾ ವಿಜ್ಞಾನದ ಪದವಿ ಪಡೆದಿದ್ದಳು. ಇವತ್ತಿನ ಮಾದರಿ ಪಾಠ ಈ ಮೂವರು ಪರೀಕ್ಷಕರಿಗೆ ಹಿಡಿಸಿದರೆ ಪ್ಲೊವ್ದಿವ್‌ನ ಈ ಕಾಲೇಜಿನಲ್ಲಿ ಕೆಲಸ. ಇಲ್ಲದಿದ್ದರೆ ಮತ್ತೆ ಸೋದರಮಾವನ ಅಂಗಡಿಯಲ್ಲಿ ಶೂ ಮಾರಬೇಕು.

ತಪ್ಪಿದ್ದೆಲ್ಲಿ? ಬೆಳಿಗ್ಗೆ ಅಮ್ಮ ಫೋನಿನಲ್ಲಿ ಹೇಳಿದಂತೆಯೇ ಮಾಡುತ್ತಿದ್ದಳಲ್ಲ! "ನೀನು ಓಡೋ ಹಾಗೆ ಮಾತಾಡಿಬಿಡ್ಬೇಡ ಕಣೇ. ಮಗೂಗೆ ಕಥೆ ಹೇಳೋ ಹಾಗೆ ಮೆತ್ತಗೆ, ನಿಧಾನಕ್ಕೆ ಹೇಳು."

ಊಟದ ಹೊತ್ತಿನಲ್ಲಿ ಎಲ್ಲರೂ ಎಷ್ಟು ಅಕ್ಕರೆಯಿಂದಿದ್ದರು! ಸಂತ ನಿಕೊಲಾಸನ ಹಬ್ಬ, ಅಂದರೆ ಅದೇ ಹೆಸರಿನ ಡೀನರಿಗೆ ಹುಟ್ಟುಹಬ್ಬದಂತೆ ಊಟ ಹಾಕಿಸುವ ಹೆಸರಿನ ದಿನ. ಅಕ್ರೋಟು ತುಂಬಿ ಬೇಯಿಸಿದ ಇಡೀ ಮೀನು, ಜೊತೆಗೆ ಮನೆಯಲ್ಲೇ ಮಾಡಿದ ವೈನು.

"ತಿನ್ನು ಮಗಳೇ, ಇನ್ನೇನು ನೀನು ಓಡ್ಬೇಕಾ?" ಎಂದು ಡೀನ್ ತಾವೇ ಬಡಿಸಿದ್ದರು.

"ಪಾಠ ಮಾಡ್ಬೇಕಲ್ಲ ಸರ್," ಎಂದು ಅವಳೊಬ್ಬಳೇ ತಟ್ಟೆ ಸರಿಸಿದ್ದಳು. ಹೆಸರಿನ ದಿನದ ಊಟ ಬೇಡವೆಂದದ್ದಕ್ಕೇ ಈ ಮುನಿಸೇ?

ಡೀನರ ದಪ್ಪ ಕನ್ನಡಕದ ಮೇಲೆ ಕಿಟಕಿಯ ಬೆಳಕು ಹೊಳೆಯುತ್ತಿತ್ತು, ಮನಸ್ಸಿನಲ್ಲೇನಿದೆಯೋ ತಿಳಿಯದು. ಅವರ ಎಡಗಡೆ ಕುಳಿತ ಪ್ರೊಫೆಸರ್ ಬೊಯ್ಕಾ ಕೂಡ, ಅವಳ ಮುಖ ನೋಡಲು ಸಂಕೋಚಪಟ್ಟವರಂತೆ ಬಗ್ಗಿಕೊಂಡೇ, ತಲೆ ಆಡಿಸತೊಡಗಿದರು. ಬಲಗಡೆಯ ಕೋಚ್ ಸ್ಪಾಸ್ ಅವರದೂ ಅದೇ ಕಥೆ. ದೊಡ್ಡವರು ಬೇಡವೆಂದ ಮೇಲೆ ಉಳಿದವರು ಬೇಕೆನ್ನುತ್ತಾರೆಯೇ?

ಝಿವ್ಕಾ ದನಿಯನ್ನು ಇನ್ನಷ್ಟು ಮೆತ್ತಗೆ ಮಾಡಿದಳು. ತಲೆಗಳು ಇನ್ನಷ್ಟು ಜೋರಾಗಿ ಬೇಡವೆಂದವು.

ಅವಳಿಗೆ ಅಳು ಬಂತು. ಅದರ ಹಿಂದೆಯೇ ಸಿಟ್ಟೂ ಬಂತು. ಬೇಡವಾದರೆ ಬೇಡ, ಹಿಡಿದ ಪಾಠವನ್ನಂತೂ ಮುಗಿಸಿಯೇ ಹೋಗುತ್ತೇನೆ!

"ಸದ್ದು ಕೇಳಿದ ಮೇಲೆ ಮೈ ಎಷ್ಟು ಬೇಗ ಮೇಲೇಳುತ್ತೆ ಅನ್ನೋದನ್ನ ಈಗ ನೋಡೋಣ," ಎಂದು ಚೀಲದಿಂದ ಓಟ ಶುರು ಮಾಡಿಸುವ ಪಿಸ್ತೂಲು ತೆಗೆದಳು. ಗುಂಡಿಲ್ಲದ, ಬರೀ ಸದ್ದಿನ ಪಿಸ್ತೂಲು.

ಢಮ್!

ಮೂವರೂ ಒಟ್ಟಿಗೆ ಚಂಗನೆ ಎದ್ದರು. ಒಂದು ಕುರ್ಚಿ ಉರುಳಿತು. ಸ್ಪಾಸ್ ಬಾಗಿಲವರೆಗೂ ಓಡಿಯೇಬಿಟ್ಟರು. ಡೀನ್ ಎದೆ ಹಿಡಿದುಕೊಂಡು ಅವಳನ್ನೇ ದಿಟ್ಟಿಸಿದರು. ಆಮೇಲೆ ತಲೆಯನ್ನು ಎಡಕ್ಕೂ ಬಲಕ್ಕೂ ಜೋರಾಗಿ ಆಡಿಸಿದರು. ಬೇಕು, ಬೇಕು!

"ಕೆಲಸ ನಿಂದೇ ಮಗಳೇ! ಪ್ರತಿವರ್ಷ ನನ್ನ ಹಬ್ಬದೂಟ ಆದ್ಮೇಲೇ ಈ ಪಾಠ ಇಟ್ಕೋತೀವಿ. ಇಲ್ಲೀವರೆಗೆ ನಮ್ಮನ್ನ ನಿದ್ದೆಯಿಂದ ಎಬ್ಬಿಸಿದವಳು ನೀನೊಬ್ಬಳೇ."