ತುಟಿಗೆ ಹಚ್ಚಿದ ತಂಬಿಗೆ

ಸರ್ವರಬೇಗಂ ಮುಂದೆ ಹಿಡಿದ ನೀರಿನ ತಂಬಿಗೆಗೆ ಆರೋಗ್ಯ ನಿರೀಕ್ಷಕ ಸುನೀಲಕುಮಾರ ಕೈಚಾಚಲಿಲ್ಲ. ಅದು ಊರಿನ ಹೊಸ ಟ್ಯಾಂಕಿನ ನೀರು. ಪರೀಕ್ಷೆಯ ಬಾಟಲಿಯಲ್ಲಿ ಅದೇ ನೀರು ಬೆಳಿಗ್ಗೆ ಕಪ್ಪಾಗಿತ್ತು. ಕಪ್ಪಾಯಿತೆಂದರೆ ಅದರಲ್ಲಿ ಹೊಲಸು ಬೆರೆತಿದೆ ಎಂದೇ ಅರ್ಥ. "ಉದ್ಘಾಟನಾ ಮುಗಿಯೋತನಕ ಬಾಯಿ ಬಿಡಬ್ಯಾಡ" ಎಂದು ಮೇಲಿನ ಸಾಹೇಬರು ಹೇಳಿ ಕಳಿಸಿದ್ದರು.

"ಬ್ಯಾಡ್ರಿ ಅಮ್ಮಾ, ಈಗಷ್ಟೇ ಚಹಾ ಕುಡದೇನಿ."

ಮುದುಕಿಯ ಮುಖದ ನಗು ಆರಿತು. "ಮದ್ಲಿನ ಸಾಹೇಬ್ರೂ ಹಿಂಗೇ ಅಂತಿದ್ರು. ನಮ್ಮ ಮನಿ ನೀರು ನಿಮಗ ನಡ್ಯಾಂಗಿಲ್ಲ, ಹೌದಲ್ರಿ?"

"ಹಂಗಲ್ರಿ ಅಮ್ಮಾ..." ಹಾಗಲ್ಲದಿದ್ದರೆ ಮತ್ತೆ ಹೇಗೆ ಎಂದು ಹೇಳುವಂತಿರಲಿಲ್ಲ. ಆ ಮನೆಯಲ್ಲಿ ಮೈಲಿಗೆ ನೋಡುವವನೆನಿಸಿಕೊಂಡು ಏಳುವುದಕ್ಕಿಂತ ಹೊಟ್ಟೆ ಕೆಟ್ಟರೂ ಸರಿ ಎನಿಸಿತು. ಮೇಲಿನಿಂದ ಎತ್ತಿ ಹೊಯ್ದುಕೊಳ್ಳದೆ, ತಂಬಿಗೆಯನ್ನು ತುಟಿಗೆ ಹಚ್ಚಿಕೊಂಡೇ ಗಟಗಟ ಕುಡಿದ. ನೀರು ತಣ್ಣಗಿತ್ತು, ರುಚಿಯಾಗಿಯೂ ಇತ್ತು.

ಸರ್ವರಬೇಗಂ ಸೆರಗಿನಿಂದ ಕಣ್ಣೊರೆಸಿಕೊಂಡಳು. "ಅಲ್ಲಾ ನಿಮ್ಮನ್ನ ಛಲೋ ಇಟ್ಟಿರಲಿ." ಆಮೇಲೆ ಅಡುಗೆಮನೆಯ ಕಡೆ ತಿರುಗಿ ಸೊಸೆಯನ್ನು ಕೂಗಿದಳು. "ಜೀನತ, ಕೂಸಿಗೆ ಭೇದಿ ಆದಾಗಿಂದ ಸುಮ್ಮ ಅಂಜಿ ಅದಕ್ಕಷ್ಟೇ ನೀರು ಕುದಿಸಾಕತ್ತೀವಿ ನೋಡ ಬೇ. ಸಾಹೇಬ್ರೇ ಕುಡುದ್ರು. ಇನ್ನ ಕುದಿಸಬ್ಯಾಡ, ಹಂಗೇ ಕುಡಿಸು."

ಸುನೀಲಕುಮಾರ ಬಾಯಿ ತೆರೆದ. ಖಾಲಿ ತಂಬಿಗೆ ಇನ್ನೂ ಅವನ ಕೈಯಲ್ಲೇ ಇತ್ತು. ಒಳಗೆ ಗ್ಯಾಸ್ ಆರಿಸಿದ ಸದ್ದು ಕೇಳಿತು. ಅದರ ಹಿಂದೆಯೇ ಕೊಡದಲ್ಲಿ ಲೋಟ ಅದ್ದಿದ ಸದ್ದು.