ಕಬ್ಬಿನ ಎಲುಬು

ಅಕ್ಕನಾಗಮ್ಮ ಸೆರಗನ್ನು ಮೂಗಿಗೆ ಹಿಡಿದು ಅಡುಗೆಮನೆಯ ಬಾಗಿಲಲ್ಲೇ ನಿಂತುಬಿಟ್ಟರು. ಒಲೆಯ ಪಕ್ಕದ ತಟ್ಟೆಯಲ್ಲಿ ಕೋಳಿ ಕಾಲುಗಳು ಸಾಲಾಗಿ ಮಲಗಿದ್ದವು. ಕೆಂಪಗೆ ಹುರಿದಂಥವು, ಎಣ್ಣೆಯಲ್ಲಿ ಮಿರಿಮಿರಿ ಮಿಂಚುವಂಥವು. ಒಂದೊಂದರ ತುದಿಯಲ್ಲೂ ಬೆಳ್ಳನೆಯ ಎಲುಬು ಇಣುಕುತ್ತಿತ್ತು.

"ಲಿಂಗಪೂಜಿ ಆಗೋ ಮನಿಯಾಗ ಏನವ್ವಾ ಇದು?"

"ಹಲಸಿನಕಾಯಿರೀ ಅತ್ತಿ," ಎಂದಳು ಸೊಸೆ ಶೈಲಶ್ರೀ, ಕೈಯಲ್ಲಿನ ಕುಂಚ ನಿಲ್ಲಿಸದೆ. "ಮ್ಯಾಲಿನ ತೊಗಲು ಅಕ್ಕಿ ಹಪ್ಪಳ. ಎಲುಬು ಕಬ್ಬು. ನಿನ್ನೆ ನೀವಾ ಕುಂತು ಸಿಪ್ಪಿ ಕೆತ್ತಿ ಕೊಟ್ರಲ್ಲ?"

"ನಾ ಕೆತ್ತಿದ್ದು ತಿನ್ನಾಕ!"

"ಇದೂ ತಿನ್ನಾಕಾರೀ."

"ಹಲಸಿನಕಾಯಿಗೆ ಈ ವಾಸನಿ ಎಲ್ಲಿಂದ ಬಂತು?"

"ಮಸಾಲಿರೀ."

"ಹೂಂ. ಮಸಾಲಿ," ಎಂದು ಅತ್ತೆ ಹೊರಟುಹೋದರು.

ಹುಟ್ಟುಹಬ್ಬದ ಕೇಕು ಮಾಡಿಕೊಂಡಿದ್ದ ಶೈಲಶ್ರೀಯ ಕೈಗೆ ಸಿನಿಮಾದವರಿಗೆ ತೋರಿಕೆಯ ಊಟ ಮಾಡಿಕೊಡುವ ಈ ಕೆಲಸ ಸಿಕ್ಕಿ ವರ್ಷವಾಗಿರಲಿಲ್ಲ. ಹಂಪಿಯ ಕಡೆ ಯಾರೇ ಶೂಟಿಂಗಿಗೆ ಬರಲಿ, ತೆರೆಯ ಮೇಲಿನ ಊಟಕ್ಕೆ ಹೊಸಪೇಟೆಯ ಅವಳ ಮನೆ ಹುಡುಕಿಕೊಂಡು ಬರುತ್ತಿದ್ದರು. ನೋಡಿದರೆ ಅದೇ ಅನಿಸಬೇಕು, ತಿಂದರೆ ಹೊಟ್ಟೆ ಕೆಡಬಾರದು, ನಟ ಹತ್ತು ಸಲ ಕಚ್ಚಿದರೂ ಹನ್ನೊಂದನೆಯದು ಹಾಗೇ ಕಾಣಬೇಕು. ಮದುವೆಯಾದಂದಿನಿಂದ ಊರಿಗೆಲ್ಲ ಮಲ್ಲೇಶನ ಹೆಂಡತಿಯಾಗಿದ್ದವಳನ್ನು ಈಗ ಜನ 'ಊಟದ ಶೈಲಕ್ಕ' ಎಂದು ಕರೆಯುತ್ತಿದ್ದರು. ಆ ಹೆಸರು ಅವಳಿಗೆ ತವರಿನ ಒಡವೆಗಿಂತ ಹೆಚ್ಚಾಗಿತ್ತು.

ಅತ್ತೆ ಅಂದೇ ಹಿತ್ತಲಲ್ಲಿ ಬೇರೆ ಒಲೆ ಹೂಡಿದರು. ಕುಡಿಯುವ ನೀರಿನ ಬಿಂದಿಗೆಯೂ ಹಿತ್ತಲಿಗೆ ಹೋಯಿತು. ಎದುರುಮನೆಯವರು "ಏನ್ರೀ, ಈ ನಡುವ ಘಮಘಮ ಅಂತೈತಿ?" ಎಂದು ನಕ್ಕದ್ದೇ ನೆಪವಾಗಿ ಅತ್ತೆಯ ಹಟ ಇನ್ನೂ ಬಿಗಿಯಾಯಿತು.

ಈ ನಡುವೆ ಅಕ್ಕನಾಗಮ್ಮ ಎಂದಿನಂತೆ ಮೊಣಕಾಲು ನೋವಿಗೆಂದು ದೋಣಿಮಲೈ ಕ್ವಾರ್ಟರ್ಸಿನಲ್ಲಿದ್ದ ತಂಗಿಯ ಮನೆಗೆ ಹೋಗಿ ಬಂದರು. ಗಣಿಯ ಧೂಳು ಹಾರುವ ಆ ಊರಿನ ಗಾಳಿ ಅದು ಹೇಗೋ ಅವರಿಗೆ ಒಗ್ಗುತ್ತಿತ್ತು. ಹೋಗುವಾಗ ಕುಂಟುತ್ತ ಹೋದವರು ಬರುವಾಗ ಚುರುಕಾಗಿ ಮೆಟ್ಟಿಲು ಹತ್ತಿದರು. ಹತ್ತಿದವರು ಜಗಲಿಯಲ್ಲೇ ತೀರ್ಪು ಕೊಟ್ಟರು.

"ಮಲ್ಲೇಶಾ, ಅಮಾಸಿ ಆದಮ್ಯಾಲ ನಾ ಕಂಪ್ಲಿಗೆ, ನಿಮ್ಮಣ್ಣನ ಮನಿಗೆ ಹೊಂಟೆ. ತಿರುಗಿ ಬರಂಗಿಲ್ಲ. ಇಲ್ಲಾ ಇಕಿ ಈ ಕೆಲಸ ಬಿಡಬೇಕು."

ಮಲ್ಲೇಶ್ ಅವ್ವನ ಮುಖ ನೋಡಿದ, ಹೆಂಡತಿಯ ಮುಖ ನೋಡಿದ, ಕೊನೆಗೆ ನೆಲ ನೋಡಿದ. "ಅವ್ವ ಹೂಂ ಅಂದ್ರ ಮಾಡು ಶೈಲಾ. ಇಲ್ಲಂದ್ರ ಬಿಟ್ಟುಬಿಡು."

ಶೈಲಶ್ರೀ ಅಳಲಿಲ್ಲ. "ಒಂದು ದಿನ ಶೂಟಿಂಗಿಗೆ ಬರ್ರಿ ಅತ್ತಿ. ಕಣ್ಣಾರೆ ನೋಡ್ರಿ. ಆಮ್ಯಾಲೂ ಬ್ಯಾಡ ಅಂದ್ರ ಅವತ್ತಾ ಬಿಡತೀನಿ."

ಮಲಪನಗುಡಿಯ ಹೊರಗಿನ ಬಯಲಲ್ಲಿ ಸೇನಾಪತಿಯ ಡೇರೆ ಎದ್ದಿತ್ತು. ಔತಣದ ದೃಶ್ಯ. ಮಗನ ಜೊತೆ ಬಂದ ಅಕ್ಕನಾಗಮ್ಮನಿಗೆ ಕುರ್ಚಿ ಹಾಕಿಸಿದರು. ಸೇನಾಪತಿಯ ವೇಷದ ಖಳನಟ ಬಂದು, ಗಿರಿಜಾ ಮೀಸೆ ಒತ್ತಿಹಿಡಿದುಕೊಂಡು ಬಗ್ಗಿ ಅವರ ಕಾಲು ಮುಟ್ಟಿದ.

"ಅಮ್ಮಾ, ನಾನೂ ನಿಮ್ಮಂಗ. ಹುಟ್ಟಿದಾಗಿಂದ ಮಾಂಸ ಮುಟ್ಟಿದವನಲ್ಲ. ನಿಮ್ಮ ಸೊಸಿ ಮಾಡಿದ್ದು ಅಂತ ಧೈರ್ಯದ ಮ್ಯಾಲ ತಿಂತೀನಿ."

"ಮುಟ್ಟಾ ಇಲ್ಲ ಅಂದಮ್ಯಾಲ, ಇದು ಹೌದೋ ಅಲ್ಲೋ ಅಂತ ನಿನಗರ ಹೆಂಗ ಗೊತ್ತಾಗಬೇಕಪ್ಪಾ?" ಎಂದರು ಅಕ್ಕನಾಗಮ್ಮ.

ಸುತ್ತಲಿದ್ದವರು ಗೊಳ್ಳೆಂದು ನಕ್ಕರು. ಖಳನಟ ಮತ್ತೆ ಮೀಸೆ ಒತ್ತಿಕೊಂಡ. ಶೈಲಶ್ರೀಯ ಮುಖ ಬಾಡಿತು. ಅತ್ತೆಯ ಅನುಮಾನಕ್ಕೆ ಮದ್ದಿಲ್ಲ ಎಂದುಕೊಂಡಳು.

ಆದರೆ ಅಕ್ಕನಾಗಮ್ಮ ಎದ್ದರು. ಮೇಜಿನ ತನಕ ನಡೆದು, "ಶಿವಾ, ನೀನಾ ನೋಡಿಕೋ," ಎಂದು ಕಣ್ಣು ಮುಚ್ಚಿ, ತಟ್ಟೆಯಿಂದ ಒಂದು ಕಾಲನ್ನು ಎತ್ತಿ ಕಚ್ಚಿಯೇಬಿಟ್ಟರು.

ಅಷ್ಟರಲ್ಲಿ ಕಲಾ ವಿಭಾಗದ ಭವ್ಯ ಓಡಿ ಬಂದಳು. "ಶೈಲಕ್ಕಾ! ಆ ತಟ್ಟಿ ಯಾರೂ ಮುಟ್ಟಬ್ಯಾಡ್ರಿ! ಬಣ್ಣ ಹೊಂದಿಸಿ ನೋಡಾಕ ಹೋಟೆಲಿಂದ ಎರಡು ಖರೇ ಕೋಳಿ ಕಾಲು ತರಿಸಿದ್ವಿ. ಗೊತ್ತಾಗದ ಅದರಾಗಾ ಬೆರೆಸಿಬಿಟ್ಟಾರ!"

ಖಳನಟ ಎರಡು ಹೆಜ್ಜೆ ಹಿಂದೆ ಸರಿದ. ಮಲ್ಲೇಶ್ ನೀರಿನ ಚೊಂಬು ಹಿಡಿದು ಮುಂದೆ ಬಂದ. "ಯವ್ವಾ, ಉಗುಳು! ಜಲ್ದಿ ಉಗುಳು!"

ಶೈಲಶ್ರೀ ಮೇಜಿನ ಹತ್ತಿರ ಓಡಿದಳು. ಕೆಲಸ ಹೋದರೆ ಹೋಗಲಿ, ಇನ್ನು ಈ ಜನ್ಮದಲ್ಲಿ ಅತ್ತೆಯ ಮುಖ ನೋಡುವುದು ಹೇಗೆ?

ಅಕ್ಕನಾಗಮ್ಮ ಉಗುಳಲಿಲ್ಲ. ಅವಸರವೂ ಪಡಲಿಲ್ಲ. ನಿಧಾನವಾಗಿ ಅಗಿದರು. ನುಂಗಿದರು. ಕೈಯಲ್ಲಿದ್ದುದನ್ನು ತಿರುಗಿಸಿ, ಎಲುಬಿನ ತುದಿಯನ್ನು ದವಡೆಯ ಹಲ್ಲಿಗೆ ಕೊಟ್ಟು ಕಟ್ಟನೆ ಕಡಿದು, ಒಂದು ಗಳಿಗೆ ಯೋಚಿಸಿದರು.

"ಯಾಕ ಹಿಂಗ ಗಾಬರಿ ಬೀಳ್ತೀರಿ? ಇದು ನಮ್ಮ ಹುಡುಗಿ ಮಾಡಿದ್ದಾ. ಪಕ್ಕಾ ಹಲಸಿನಕಾಯಿ," ಎಂದು ಸೊಸೆಯ ತಲೆ ಸವರಿದರು. "ನಾಳಿಂದ ನಾನೂ ಒಳಗಿನ ಒಲಿಗೆ ಬರತೀನಿ. ನೀ ಮಾಡವ್ವಾ, ನಂದೇನೂ ತಕರಾರಿಲ್ಲ."

ತಡೆದಿಟ್ಟ ಅಳು ಶೈಲಶ್ರೀಗೆ ಈಗ ಬಂತು. ಮಲ್ಲೇಶ್ ಚೊಂಬಿನ ನೀರನ್ನು ತಾನೇ ಕುಡಿದ. ಭವ್ಯಳಿಗೆ ಮಾತ್ರ ಇನ್ನೂ ನಂಬಿಕೆ ಬರಲಿಲ್ಲ.

"ಅಷ್ಟು ಖಾತ್ರಿ ಹೆಂಗ ಹೇಳತೀರಿ ಅಜ್ಜಿ?"

"ಎಲುಬಿನ ತುದಿಗೆ ಕಟುಂ ಅನ್ನೋ ಮೆತ್ತನ್ನ ಗಂಟು ಇರಬೇಕಲ್ಲ ತಂಗಿ, ಇದರಾಗ ಅದಿಲ್ಲ," ಎಂದರು ಅಕ್ಕನಾಗಮ್ಮ, ಕಬ್ಬನ್ನು ಚೀಪುತ್ತ, "ರುಚಿ ಎಲ್ಲಾ ಇರೋದಾ ಅದರಾಗ."